ಏಪ್ರಿಲ್ ಇಪ್ಪತ್ತೆರಡರ ಮೆಮೋಕ್ಕ ಉತ್ತರ

ಸಾಹೇಬರ,
ನಿಮ್ಮ ಮರಾಠಿ ಕಾಗದ ಮುಟ್ಟಿತು.
ಯಾರ ಕಡೆಯಿಂದೂ ಓದಿಸಿಲ್ಲ, ನಾನ ಓದೀನಿ.
ರಜಿಸ್ಟರ ಇಂಗ್ಲಿಷಿನಾಗ ತುಂಬತೀನಿ, ಅದೂ ಬರತೈತಿ.
ಉತ್ತರ ಮಾತ್ರ ಕನ್ನಡದಾಗ.
ಬಿಸಿಲು ಹತ್ತಿದಾಗ ನನ್ನ ಬಾಯಾಗ ಬರೂದು ಇದ ಒಂದ.

ನೀವು ಕೇಳೀರಿ:
ನಾಲ್ಕೂಕಾಲರಿಂದ ನಾಲ್ಕೂಮುಕ್ಕಾಲತನಕ
ಕಾರ್ಡಿನ ಮ್ಯಾಲ ಸುಟ್ಟ ಗೆರಿ ಯಾಕ ಇಲ್ಲ?
ಸೊಲ್ಲಾಪುರದಾಗ ಮೋಡ ಇದ್ದಿಲ್ಲ, ವಿಜಾಪುರದಾಗ ಇದ್ದಿಲ್ಲ,
ಉಮದಿಯೊಂದರಾಗ ಅರ್ಧ ತಾಸು
ಸೂರ್ಯ ಎಲ್ಲಿಗೆ ಹೋಗಿದ್ದ?

ಹೋಗಿದ್ದಿಲ್ಲರಿ.

ಗಾಜಿನ ಗುಂಡು ನಾ ದಿನಾ ಮುಂಜಾನೆ ಒರಸತೀನಿ:
ಗುಬ್ಬಿ ಹಿಕ್ಕಿ, ಧೂಳ, ನನ್ನವ ನಿನ್ನಿನ ಬೆರಳಗುರುತ.
ಇಣುಕಿದ್ರ ಅದರಾಗ ದ್ರಾಕ್ಷಿ ಶೆಡ್ಡು
ಬಾವಲಿಹಂಗ ತಲಿಕೆಳಗ ಜೋತಾಡತಾವ,
ಆಕಾಶ ತಳದಾಗ, ತಾಟಿನಾಗಿನ ನೀರಿನಂಗ.
ಬ್ಯಾಸಗಿಗೆ ಉದ್ದನ್ನ ಬಾಗಿದ ಕಾರ್ಡು, ಚಳಿಗಾಲಕ್ಕ ಗಿಡ್ಡದು,
ಹಗಲು ರಾತ್ರಿ ಸಮ ಆದಾಗ ನೆಟ್ಟಗಿಂದು.
ಹನ್ನೊಂದು ವರ್ಷಾತು, ಒಂದು ಸಲಾನೂ ಸಂದಿ ತಪ್ಪಿಲ್ಲ.

ನಿಮ್ಮ ನೇಮದ ಪುಸ್ತಕದಾಗೈತಿ,
ಸುತ್ತ ಗಿಡ ಇರಬಾರದು, ಗ್ವಾಡಿ ಇರಬಾರದು,
ಗುಂಡಿನ ಮ್ಯಾಲ ಯಾವ ನೆಳ್ಳೂ ಬೀಳಬಾರದು.
ಒಂದು ಬೇವಿನ ಸಸಿ ತಾನಾಗಿ ಹುಟ್ಟಿತ್ತು.
ಎರಡು ಸಲ ನಾನ ಕಿತ್ತೆ.
ಮೂರನೇ ಸಲ ಅದು ಹುಟ್ಟಲಿಲ್ಲ.

ಬೇಲಿ ಆಚಿಗೆ ಶೆಡ್ಡಿನಾಗ
ದ್ರಾಕ್ಷಿ ಹಸಿರು ಪರದೆದ ನೆಳ್ಳಾಗ ಒಣಗತೈತಿ.
ಬಿಸಿಲಿಗಿಟ್ರ ಬಣ್ಣ ಕೆಡತೈತಂತ, ರೇಟು ಬೀಳತೈತಂತ.
ಅದನ್ನ ಅದ್ದಿ ತಗಿಯೂ ಹೆಣ್ಮಕ್ಕಳು ಹೊರಗ,
ತಗಡಿನ ಟಾಕಿ ಮುಂದ.
ಅವರ ಬಣ್ಣಕ್ಕ ರೇಟಿಲ್ಲ.

ಆವತ್ತು ನೀರಿಗಂತ ಬಂದ ಜನ್ನತಬಿ ಮುಲ್ಲಾ
ಗೇಟು ತಗದು ನಾಕ ಹೆಜ್ಜಿ ಇಟ್ಟಾಕಿ
ಗುಂಡಿನ ಕಂಬದ ಬುಡಕ್ಕ ಕುಸದ್ಲು.
ಕೈಯಾಗ ಅದ್ದೂ ಎಣ್ಣಿ ವಾಸನಿ,
ಮೈ ಕಾದ ಹಂಚು, ಬೆವರ ಸೈತ ನಿಂತಿತ್ತು.
ಥರ್ಮಾಮೀಟರಿನ ಬಿಳಿ ಪೆಟಗಿಗೊಂದು ನೆಳ್ಳ ಇತ್ತು, ಅದು ಆ ಕಡೆ ಬಿದ್ದಿತ್ತು.
ಎಳದು ಒಯ್ಯಾಕ ನಾ ಒಬ್ಬಾಕಿ.
ಬಾಯಿಗೆ ನೀರ ಬಿಟ್ಟು, ಸೆರಗು ಎರಡೂ ಕೈಲೆ ಅಗಲ ಹಿಡದು
ಪಡುವಣಕ್ಕ ಬೆನ್ನ ಕೊಟ್ಟು ನಿಂತೆ.

ನಡು ಮಧ್ಯಾಹ್ನ ಆಗಿದ್ರ ನನ್ನ ನೆಳ್ಳ
ನನ್ನ ಕಾಲಾಗ ಬಿದ್ದಿರತಿತ್ತು, ಯಾರಿಗೂ ಉಪಯೋಗ ಇಲ್ಲ.
ಇಳಿಹೊತ್ತಿನಾಗ ಉದ್ದಾಗತೈತಿ.
ಉದ್ದಾದ ನೆಳ್ಳಿನಾಗ ಆಕಿ ಮಾರಿ ಬಂತು.
ಗುಂಡೂ ಬಂತು.

ಗೊತ್ತಿತ್ತೇನಂತ ಕೇಳತೀರಿ.
ಗೊತ್ತಿತ್ತರಿ.
ಕಾರ್ಡಿನಿಂದ ಏಳೂ ಎಳಿಹೊಗಿ
ಊದಿನಕಡ್ಡಿ ಆರಿದಂಗ ನಿಂತದ್ದು ಕಂಡೆ.
ಒಂದು ಮೊಳ ಸರದಿದ್ರ ನಿಮ್ಮ ಲೆಕ್ಕ ಉಳೀತಿತ್ತು.
ಸರೀಲಿಲ್ಲ.

ಆಕಿ ಎದ್ದು ಕುಂತು ಮೊದಲ ಗುಂಡಿನಾಗ ನೋಡಿ ಕೇಳಿದ್ದೇನು ಗೊತ್ತೇನ್ರಿ?
"ಅಕ್ಕಾ, ಇದರಾಗ ನೀ ಯಾಕ ತಲಿಕೆಳಗ ನಿಂತಿ?"

ಷರಾ ಕಾಲಮ್ಮಿನಾಗ ನಾ 'ಮೋಡ' ಅಂತ ಬರದೀನಿ.
ಅದು ಸುಳ್ಳು. ಅದಕ್ಕ ದಂಡ ಹಾಕ್ರಿ,
ಒಂದು ದಿನದ ಪಗಾರ ಹಿಡೀರಿ.
ಆದ್ರ ಅರ್ಧ ತಾಸು ಬಿಸಿಲು ಇದ್ದಿಲ್ಲಂತ
ನಿಮ್ಮ ದೊಡ್ಡ ಪುಸ್ತಕದಾಗ ಬರೀಬ್ಯಾಡ್ರಿ.
ಇತ್ತು.
ಜಂಪರಿನ ಮ್ಯಾಲ, ಕುತಗಿ ಕೆಳಗ, ಕೆಂಪಗ.
ಮಗಳು ಕೊಬ್ಬರಿಎಣ್ಣಿ ಹಚ್ಚುಮುಂದ
ಕಂಪಾಸಿನ ಪಟ್ಟಿ ತಂದು ಅಳದಾಳ:
ಹನ್ನೆರಡು ಸೆಂಟಿಮೀಟರು.
ಬೇಕಾದ್ರ ಆ ಅಂಕಿ ಬರಕೋರಿ.

ಆವತ್ತಿನ ಕಾರ್ಡು ಇದರ ಜೋಡಿ ಇಟ್ಟೀನಿ.
ಉದ್ದನ್ನವು ಇನ್ನ ಒಂಬತ್ತ ಉಳದಾವ,
ಮೇ ಮುಗಿಯೂತನ ಸಾಲೂದಿಲ್ಲ. ಲಗೂ ಕಳಿಸ್ರಿ.
ನೆಟ್ಟಗಿನವು ಹಾಕಿದ್ರ
ಸೂರ್ಯ ಅಂಚು ಬಿಟ್ಟು ಹೊರಗ ಬರೀತಾನ.

ಇಂತಿ,
ಸುಗಲಾಬಾಯಿ ಹತ್ತಳ್ಳಿ,
ರೋಜಂದಾರಿ, ಉಮದಿ, ತಾಲೂಕ ಜತ್ತ