ನಂಬರು ಹದಿನೇಳು

ಜೀಪಿನ ಹಿಂದೆ ಮಲಗಿಕೊಂಡು ರಿಪೇರಿಗೆ ಬಂದಿದೆ
ನಮ್ಮದೇ ಪಲ್ಪರು, ನಂಬರು ಹದಿನೇಳು.
ತಾಮ್ರದ ತಗಡು ಸವೆದು ಮೊಗ್ಗುಗಳೆಲ್ಲ ಚಪ್ಪಟೆ;
ಎರಕದ ಮೈಮೇಲೆ ಹೆಸರು ಮಾತ್ರ ನೆಟ್ಟಗಿದೆ:
ಚೌಡಾಚಾರಿ ಅಂಡ್ ಸನ್ಸ್, ಶನಿವಾರಸಂತೆ.

ಸನ್ಸ್ ಯಾರೂ ಇರಲಿಲ್ಲ ಆಗ.
ಇದ್ದದ್ದು ಒಂದು ತಿದಿ, ಒಂದು ಅಡಿಗಲ್ಲು,
ಕುಡುಗೋಲು ತಟ್ಟಿ ತಟ್ಟಿ ಬೇಸತ್ತ ಕೈ,
ಮತ್ತೆ ಮಗಳು ದೇವೀರಿ.

ತೋಟದ ದೊರೆಯ ಬಿಲಾತಿ ಮಿಷನ್ನು
ಹಣ್ಣಿನ ಜತೆ ಬೀಜವನ್ನೂ ಕಚ್ಚುತ್ತಿತ್ತಂತೆ.
ಬಿಚ್ಚಿ ಹರವಿ ಮೂರು ರಾತ್ರಿ ನೋಡುತ್ತ ಕೂತ ಆಚಾರಿ
ನಾಲ್ಕನೆಯ ರಾತ್ರಿ ಅಡುಗೆಮನೆಯತ್ತ ನೋಡಿದ—
ನೆನೆದ ಅವರೆಕಾಳು ಹಿದುಕುತ್ತಿದ್ದಾಳೆ ಹುಡುಗಿ;
ಹೆಬ್ಬೆರಳು ಒತ್ತುತ್ತಿಲ್ಲ, ಜಾರುತ್ತಿದೆ.
"ಮೆಲ್ಲಗೆ ಹಿಡಿದರೆ ಸಿಪ್ಪೆ ತಾನೇ ಬಿಡುತ್ತಪ್ಪ" ಅಂದಳಂತೆ.

ಅಷ್ಟೇ.
ಎದೆಪಟ್ಟಿಗೆ ಲಾರಿ ಟಯರಿನ ರಬ್ಬರು,
ಸಂದು ಹಿಗ್ಗಿಸಿ ಕುಗ್ಗಿಸಲು ಚಿಟ್ಟೆ ತಿರುಪು:
ಅರೇಬಿಕಕ್ಕೆ ಒಂದು ಸುತ್ತು ಸಡಿಲ, ರೊಬಸ್ಟಕ್ಕೆ ಬಿಗಿ.
ಮೊದಲ ಆರು ಗುಜರಿಗೆ ಹೋದವು. ಏಳನೆಯದು
ಹಲ್ಲಿಲ್ಲದ ಮುದುಕ ನೇರಳೆ ತಿಂದ ಹಾಗೆ
ಬೀಜ ಉಗಿಯಿತು, ಇಡಿಯಾಗಿ.

ಆಮೇಲೆ ಮೋಟರು, ನೀರು ಕಡಿಮೆ ಕುಡಿಯುವ ಮಾಡೆಲ್ಲು,
ಕುಶಾಲನಗರದಲ್ಲಿ ಶೆಡ್ಡು, ಬಣ್ಣದ ಕ್ಯಾಟಲಾಗು,
ಅದರಲ್ಲಿ ಪೇಟ ಸುತ್ತಿದ ಆಚಾರಿಯ ಫೋಟೊ.
ದೇವೀರಿಯದಿಲ್ಲ.

ಇವತ್ತು ಹಳೇ ತಗಡು ಕಿತ್ತಾಗ
ಉರುಳೆಯ ಕಬ್ಬಿಣದಲ್ಲಿ, ಯಾರೂ ನೋಡದ ಕಡೆ,
ಚಾಣದಿಂದ ಕೊರೆದದ್ದು ಕಂಡಿತು:
ಸೊಟ್ಟಗೊಂದು ಅವರೆಕಾಯಿ, ಒಳಗೆ ಮೂರು ಕಾಳು.

ಅದರ ಮೇಲೇ ಹೊಸ ತಾಮ್ರ ಹೊದಿಸಿ ಮೊಳೆ ಹೊಡೆದೆ.
"ಇನ್ನೆಷ್ಟು ವರ್ಷ ಬರುತ್ತೆ?" ತೋಟದ ರೈಟರು ಕೇಳಿದ.
ಮೆಲ್ಲಗೆ ತಿರುಗಿಸಿ, ಅಂದೆ.