ಕೆಂಪು ದೀಪ

ಸಸ್ಕಾಚೆವಾನಿನ ನೆಲ ರೊಟ್ಟಿ ತಟ್ಟಿಟ್ಟ ಹಾಗೆ.
ಅದರ ನಡುವೆ ಈ ಊರು,
ಹದಿನಾರನೇ ಮಹಡಿಗೇ ಮುಗಿಲು ಮುಟ್ಟಿದೆನೆಂದು ನಂಬಿಕೊಂಡದ್ದು.

ಎದುರಿನ ವಿಮಾ ಕಂಪನಿ ಒಂದಾಳು ಹೆಚ್ಚಿಗೆ ಎದ್ದ ವರ್ಷ
ಬ್ಯಾಂಕು ತನ್ನ ನೆತ್ತಿಗೊಂದು ಬಾವುಟದ ಕಂಬ ನೆಟ್ಟಿತು.
ಕಂಬ ಲೆಕ್ಕಕ್ಕೆ ಬರುತ್ತದೋ ಇಲ್ಲವೋ,
ಕ್ಷೌರದಂಗಡಿಯಲ್ಲಿ ಇವತ್ತಿಗೂ ಜಗಳ.
ಜುಟ್ಟು ಸೇರಿಸಿ ಯಾರಾದರೂ ಆಳಿನ ಎತ್ತರ ಅಳೆಯುತ್ತಾರಾ,
ಕತ್ತರಿ ಆಡಿಸುತ್ತ ಕೇಳುತ್ತಾನೆ ರೊಹೆಲಿಯೊ.

ರೈಲು ಹಳಿಯಾಚೆಯ ಹಿಟ್ಟಿನ ಗಿರಣಿ ಯಾರ ಎಣಿಕೆಯಲ್ಲೂ ಇಲ್ಲ.
ಅದಕ್ಕೆ ಮಹಡಿಗಳಿಲ್ಲ, ಬರೀ ಹೊಟ್ಟೆ.
ಗೋಧಿ ಬರುವುದು ನಿಂತು ಹನ್ನೊಂದು ವರ್ಷ.
ಆದರೂ ವಿಮಾನಗಳಿಗೆ ಗೊತ್ತಾಗಬೇಕಲ್ಲ,
ತುದಿಯ ಕೆಂಪು ದೀಪ ಕೆಟ್ಟಾಗಲೆಲ್ಲ
ದಾರ್ಕಾ ಹ್ರಿನ್ಕಿವ್ ಹತ್ತುತ್ತಾಳೆ,
ನಾನೂರ ಹನ್ನೆರಡು ಕಬ್ಬಿಣದ ಮೆಟ್ಟಿಲು.
ಬಲ್ಬು ಉಣ್ಣೆಯ ಟೋಪಿಯೊಳಗೆ, ಟೋಪಿ ಕೋಟಿನೊಳಗೆ.

ಅಲ್ಲಿಂದ ಬ್ಯಾಂಕಿನ ತಾರಸಿ ಕಾಣುತ್ತದೆ.
ಹೋದ ಅಕ್ಟೋಬರಿನಲ್ಲಿ
ಕಂಬದ ಬುಡಕ್ಕೆ ಒಂದು ಮಡಚುವ ಕುರ್ಚಿ ಇತ್ತು,
ಪಕ್ಕದಲ್ಲಿ ಬಣ್ಣದ ಡಬ್ಬಿ, ಡಬ್ಬಿಯಲ್ಲಿ ಈರುಳ್ಳಿ ಗಿಡ.

ಈ ಸಲ ಕುರ್ಚಿ ಎರಡು.
ಎರಡರ ಮೇಲೂ ಹಿಮ, ಒಂದೇ ದಪ್ಪ.

ಅವಳು ಹಳೆಯ ಬಲ್ಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.
ಹೊಸದನ್ನು ತಿರುವಿ ಕೂರಿಸಿದಳು.
ಇನ್ನೂ ಸ್ವಲ್ಪ ಹೊತ್ತು ನಿಂತಳು, ಕೆಲಸವಿಲ್ಲದೆ.

ಬಸ್ಸಿಗೆ ಕಾಯಲು ಕ್ಷೌರದಂಗಡಿಯೊಳಗೆ ಬಂದಾಗ
ಎಲ್ಲರೂ ಅವಳತ್ತ ತಿರುಗಿದರು:
ಮೇಲಿಂದ ನೋಡಿದವಳು ನೀನೇ ಹೇಳು,
ಯಾವುದು ಎತ್ತರ?

ದಾರ್ಕಾ ಬೂಟಿನ ಹಿಮ ಕೊಡವಿದಳು.
ಬಾಗಿಲು ಹಾಕಿ, ಚಳಿ ಬರುತ್ತಿದೆ, ಎಂದಳು.