ಹೆಸರಿಲ್ಲದ್ದು

ನಮ್ಮ ಕಡೆ ಇದಕ್ಕೆ ಹೆಸರಿಲ್ಲ.
ಬಂಗಡೆಗುಂಟು, ತಾರ್ಲೆಗುಂಟು, ನೋಗಲಿಗೂ ಉಂಟು;
ಇದು ಕಿರುಬೆರಳುದ್ದ, ಸಾರಿಗೆ ಸಾಲದು,
ಬಲೆಗೆ ಬಿದ್ದರೂ ಕಣ್ಣಿನೊಳಗಿಂದಲೇ ಜಾರಿಹೋಗುತ್ತದೆ.
ತಿನ್ನದ್ದಕ್ಕೆ ಹೆಸರಿಡುವ ಪುರುಸೊತ್ತು
ಯಾರಿಗಿತ್ತು ಇಲ್ಲಿ?

ನಾನು ಕಂಡದ್ದು, ಬಂದವರ ಬೆನ್ನಿಗೆ
ಸಿಲಿಂಡರು ಬಿಗಿಯುವ ಕೆಲಸ ಸಿಕ್ಕ ಮೇಲೆ.
ಮುರ್ಡೇಶ್ವರದಿಂದ ಒಂದೂವರೆ ತಾಸು,
ನೇತ್ರಾಣಿಯ ಬಂಡೆಯ ಬುಡ,
ಹನ್ನೊಂದು ಮೀಟರು ಕೆಳಗೆ
ನೌಕಾಪಡೆಯವರು ಎಂದೋ ಹಾರಿಸಿದ ಗುಂಡಿನ ಚಿಪ್ಪು.
ಚಿಪ್ಪಿನ ಮೇಲೆ ಹವಳ,
ಹವಳದ ಮುಂದೆ ಇದರ ಅಂಗಡಿ.

ಮೂತಿಯಿಂದ ಹೊರಟ ಕಪ್ಪು ಗೆರೆ
ಬಾಲಕ್ಕೆ ಹೋಗುತ್ತ ಅಗಲ.
ಮತ್ತೆ ನೀಲಿ. ಸಮುದ್ರದ್ದಲ್ಲ,
ಹೊಸ ದೋಣಿಗೆ ಬಳಿಯುವ ಡಬ್ಬಿಯ ನೀಲಿ.

ಗಿರಾಕಿಗಳು ಸರತಿ ನಿಂತಿವೆ:
ಗಿಳಿಮೂತಿಯವು ಎರಡು, ಒಂದು ಕೆಂಬೇರಿ,
ಕೊನೆಗೆ ಗೊಬ್ರ, ಬುಟ್ಟಿಯಷ್ಟು ಬಾಯಿ.
ಇದು ಸೊಂಟ ಕುಣಿಸಿ ಕರೆಯುತ್ತದೆ.
ಗೊಬ್ರ ಬಾಯಿ ತೆರೆದು, ಕಿವಿರಿನ ಕದ ಸರಿಸಿ
ಕ್ಷೌರಕ್ಕೆ ಕೂತವರ ಹಾಗೆ ಅಲ್ಲಾಡದೆ ನಿಲ್ಲುತ್ತದೆ.
ಇದು ಒಳಗೆ ಹೋಗಿ
ಹಲ್ಲಿನ ಸಂದಿ, ಗಂಟಲ ಬಾಗಿಲು,
ಹೇನು ಹೆಕ್ಕಿ ಹೆಕ್ಕಿ
ಕಿವಿರಿನಿಂದ ಹೊರಬರುತ್ತದೆ.
ಗೊಬ್ರ ನುಂಗುವುದಿಲ್ಲ.

ಹಾಗಂತ ಸಾಧುವೇನಲ್ಲ.
ಹೇನಿಗಿಂತ ಮೈಯ ಲೋಳೆ ರುಚಿ;
ಒಮ್ಮೊಮ್ಮೆ ಕಚ್ಚಿಬಿಡುತ್ತದೆ.
ಗಿರಾಕಿ ಬೆಚ್ಚಿ ಹೊರಟುಹೋದರೆ
ಕಚ್ಚಿದ ಹೆಣ್ಣನ್ನು ಗಂಡು ಅಟ್ಟಾಡಿಸುತ್ತದೆ.
ಅಂಗಡಿಗೆ ಒಂದೇ ಗಂಡು. ಉಳಿದವೆಲ್ಲ ಹೆಣ್ಣು,
ಗಾತ್ರಕ್ಕೆ ತಕ್ಕ ಅಧಿಕಾರ.

ಜನವರಿಯ ಒಂದು ಬೆಳಿಗ್ಗೆ ಗಂಡು ಇರಲಿಲ್ಲ.
ಏನಾಯಿತೋ.
ಮಧ್ಯಾಹ್ನದ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡ ಹೆಣ್ಣು
ಉಳಿದವನ್ನು ಅಟ್ಟಾಡಿಸುತ್ತಿತ್ತು.
ಮೀನಿನ ಲೆಕ್ಕಕ್ಕೆ ಬಂದ ಕಾಲೇಜಿನ ಹುಡುಗಿ
ನೀರಿನೊಳಗೇ ಸ್ಲೇಟಿನ ಮೇಲೆ ಬರೆದು ತೋರಿಸಿದಳು:
‘ಇನ್ನೆರಡು ವಾರಕ್ಕೆ ಮೈಯೊಳಗೂ ಗಂಡು.’

ಅಳ್ವೆಕೋಡಿಯ ದಕ್ಕೆಯಲ್ಲಿ
ಮಂಕಾಳಿ ಅತ್ತೆಗೆ ಹೇಳಿದೆ ಇದನ್ನು.
ಜಟ್ಟಪ್ಪ ಮಾವ ತಿರುಗಿ ಬಾರದ ವರ್ಷ
ಚುಕ್ಕಾಣಿ ಹಿಡಿದವಳು.
ಬಲೆಯ ದಾರ ಹಲ್ಲಲ್ಲಿ ಕಡಿದು ಅಂದಳು:
‘ಹಾಂಗಾರೆ ಆ ಮೀನಿಗೆ ಸಸಾರ.
ನಾ ಹೆಂಗಸಾಗೇ ಹಿಡ್ದೆ.
ಇವ್ರು ಇನ್ನೂ ಜಟ್ಟಪ್ಪನ ದೋಣಿ ಅಂತ್ರು.’

ನಾನು ಸುಮ್ಮನಾದೆ.
ಇನ್ನೊಂದು ಕಣ್ಣು ಹೆಣೆದು ಮುಗಿಸಿ,
ತಲೆ ಎತ್ತದೆ ಕೇಳಿದಳು:
‘ಆ ಗೊಬ್ರ ಎಷ್ಟು ದೊಡ್ಡದಿತ್ತು?’

ಎರಡೂ ಕೈ ಅಗಲಿಸಿದೆ.
ಆಮೇಲೆ, ಅವಳು ನೋಡುವ ಮೊದಲೇ,
ಸ್ವಲ್ಪ ಹತ್ತಿರ ತಂದೆ.